‘ವಯಸ್ಸಾಯ್ತು’ ಅನ್ನುವ ಮೊದಲು: ಬದಲಾಗುವ ದೇಹವನ್ನು ಅರ್ಥ ಮಾಡಿಕೊಂಡು ನಿಭಾಯಿಸುವುದು ಹೇಗೆ

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಗಾಲಿ ಇಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ ಇಟ್ಟು ಕೂತುಕೊಳ್ಳಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. ಕೈ ಬಿಡಿಸದೆ ಎದ್ದು ನೆಟ್ಟಗೆ ನಿಲ್ಲಿ, ಕೂರಿ, ಮತ್ತೆ ಏಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಣಿಸಿ. ಬೀಳುವ ಅಪಾಯ ಎಷ್ಟಿದೆ ಅಂತ ನೋಡಲು ಡಾಕ್ಟರುಗಳೂ ಇದನ್ನೇ ಮಾಡಿಸುತ್ತಾರೆ. 60ರಿಂದ 64 ವಯಸ್ಸಿನ ಗಂಡಸರಿಗೆ 14 ಸಲ, ಹೆಂಗಸರಿಗೆ 12 ಸಲ ಆಗದಿದ್ದರೆ ಕಾಲಿನ ಶಕ್ತಿ ಸರಾಸರಿಗಿಂತ ಕಡಿಮೆ ಅಂತ ಲೆಕ್ಕ. 80ರಿಂದ 84ರವರಿಗೆ ಈ ಲೆಕ್ಕ 10 ಮತ್ತು 9. ಕೈ ಊರದೆ ಒಂದು ಸಲವೂ ಏಳಲು ಆಗಲಿಲ್ಲ ಅಂದರೆ ಈ ಬರಹ ನಿಮಗೇ ಬರೆದದ್ದು ಅಂದುಕೊಳ್ಳಿ.

ನನಗೆ ಈ ಪರೀಕ್ಷೆ ಗೊತ್ತಾಗಿದ್ದು ತಡವಾಗಿ. ಅಮ್ಮ ಕುರ್ಚಿಯಿಂದ ಏಳುವ ರೀತಿ ಬದಲಾಗುತ್ತಾ ಬಂದಿದ್ದು ನಮ್ಮ ಕಣ್ಣೆದುರಿಗೇ. ಮೊದಲು ಸುಮ್ನೆ ಎದ್ದುಬಿಡುತ್ತಿದ್ದಳು. ಆಮೇಲೆ ಒಂದು ಕೈ ತೊಡೆಯ ಮೇಲೆ ಊರಲು ಶುರು ಮಾಡಿದಳು. ಆಮೇಲೆ ಎರಡೂ ಕೈ ಕುರ್ಚಿಯ ತೋಳಿನ ಮೇಲೆ. ಕೊನೆಕೊನೆಗೆ ಎರಡು ಸಲ ಮುಂದಕ್ಕೆ ಹಿಂದಕ್ಕೆ ತೂಗಿ, ಮೂರನೇ ಸಲಕ್ಕೆ ‘ಉಸ್ಸಪ್ಪಾ’ ಅಂತ ಏಳುತ್ತಿದ್ದಳು. ಇಷ್ಟಾಗಲು ನಾಲ್ಕೈದು ವರ್ಷ ಹಿಡಿದಿರಬೇಕು. ನಾವೆಲ್ಲ ನೋಡುತ್ತಲೇ ಇದ್ದೆವು, ಯಾರಿಗೂ ಏನೂ ಅನ್ನಿಸಲಿಲ್ಲ. ‘ವಯಸ್ಸಾಯ್ತಲ್ಲ’ ಅಂತ ಅವಳೂ ಅಂದಳು, ನಾವೂ ಅಂದೆವು. ಅದು ಪೂರ್ತಿ ವಯಸ್ಸಲ್ಲ, ತೊಡೆಯ ಸ್ನಾಯು ಕರಗುತ್ತಿತ್ತು, ಅದನ್ನು ತಡೆಯಬಹುದಿತ್ತು ಅಂತ ನಮಗೆ ಗೊತ್ತೇ ಇರಲಿಲ್ಲ.

ಮೊದಲು ಬೇರ್ಪಡಿಸಲು ಕಲಿಯಿರಿ

ಮೂರು ಬೇರೆ ಬೇರೆ ವಿಷಯಗಳನ್ನು ನಾವು ಒಂದೇ ಚೀಲಕ್ಕೆ ತುಂಬಿ ‘ವಯಸ್ಸು’ ಅಂದುಬಿಡುತ್ತೇವೆ. ಒಂದು, ನಿಜವಾಗಿ ವಯಸ್ಸಿನಿಂದಲೇ ಆಗುವಂಥದ್ದು. ಕೂದಲು ನೆರೆಯುವುದು, ಹತ್ತಿರದ ಅಕ್ಷರ ಮಂಜಾಗುವುದು, ಹೆಂಗಸರಿಗೆ ಮುಟ್ಟು ನಿಲ್ಲುವುದು, ಇವೆಲ್ಲ ಹೀಗೆ. ಇನ್ನೊಂದು, ಬಳಸದೆ ಬಿಟ್ಟದ್ದರಿಂದ ಆಗುವಂಥದ್ದು: ಕಾಲು ಸೋಲುವುದು, ಬೇಗ ಏದುಸಿರು ಬರುವುದು, ಭುಜ ಮೇಲೆತ್ತಲು ಆಗದಿರುವುದು. ಮೂರನೆಯದು ಕಾಯಿಲೆ. ಮೊದಲನೆಯದಕ್ಕೆ ಒಗ್ಗಿಕೊಳ್ಳಬೇಕು, ಎರಡನೆಯದನ್ನು ಬಹುಪಾಲು ವಾಪಸ್ ಪಡೆಯಬಹುದು, ಮೂರನೆಯದಕ್ಕೆ ಚಿಕಿತ್ಸೆ ಬೇಕು. ಮೂರಕ್ಕೂ ಒಂದೇ ಹೆಸರಿಟ್ಟರೆ ಮೂರಕ್ಕೂ ಏನೂ ಮಾಡದೆ ಕೂರುತ್ತೇವೆ, ಅಲ್ವಾ?

ಬೇರ್ಪಡಿಸುವುದು ಹೇಗೆ? ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಇದು ಯಾವಾಗಿನಿಂದ? ವಯಸ್ಸು ಯಾವತ್ತೂ ರಾತ್ರೋರಾತ್ರಿ ಬರುವುದಿಲ್ಲ. ಹೋದ ವಾರ ಇಲ್ಲದ್ದು ಈ ವಾರ ಬಂದಿದ್ದರೆ ಅದು ವಯಸ್ಸಲ್ಲ, ಏನೋ ಕಾಯಿಲೆ ಅಥವಾ ಹೊಸ ಮಾತ್ರೆಯ ಕೆಲಸ. ಎರಡನೇ ಪ್ರಶ್ನೆ, ಎರಡೂ ಕಡೆ ಒಂದೇ ತರ ಇದೆಯಾ? ಎರಡೂ ಮಂಡಿಗೆ ಒಂದೇ ವಯಸ್ಸು. ಒಂದು ಕಿವಿ ಮಾತ್ರ ಮಂದ, ಒಂದು ಕೈ ಮಾತ್ರ ನಡುಕ, ಒಂದೇ ಕಾಲು ಊತ ಅಂದರೆ ವಯಸ್ಸಿನ ಮೇಲೆ ಹಾಕಬೇಡಿ, ತೋರಿಸಿ. ಮೂರನೆಯದು, ಇದಕ್ಕೂ ಮುಂಚೆ ನನ್ನ ಓಡಾಟ ಕಡಿಮೆಯಾಗಿತ್ತಾ? ನಿವೃತ್ತಿ ಆದಮೇಲೆ, ಆಪರೇಷನ್ ಆದಮೇಲೆ, ಮನೆಯಲ್ಲಿ ಯಾರೋ ತೀರಿಕೊಂಡು ಮನಸ್ಸು ಮುದುಡಿದ ಮೇಲೆ ಶುರುವಾದ ಸೋಲು ಹೆಚ್ಚಾಗಿ ಬಳಕೆ ಇಲ್ಲದ್ದರಿಂದ ಬಂದದ್ದು.

ಬಳಕೆ ಇಲ್ಲದಿರುವುದು ಎಷ್ಟು ಕೆಟ್ಟದ್ದು ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ, ಅವರ ಹೃದಯ ಮತ್ತು ದೇಹದ ಕಸುವು ಎಷ್ಟು ಇಳಿಯಿತು ಅಂತ ಅಳೆದರು. 30 ವರ್ಷ ಆದಮೇಲೆ, 50 ದಾಟಿದ್ದ ಅದೇ ಐದು ಜನರನ್ನು ಕರೆಸಿ ಮತ್ತೆ ಅಳೆದರು. ಆ ಮೂರು ವಾರದ ಮಲಗುವಿಕೆ ಮಾಡಿದಷ್ಟು ನಷ್ಟವನ್ನು 30 ವರ್ಷದ ವಯಸ್ಸು ಮಾಡಿರಲಿಲ್ಲ! ಆಮೇಲೆ ಆರು ತಿಂಗಳು ನಿಧಾನಕ್ಕೆ ನಡಿಗೆ, ಓಟ, ಸೈಕಲ್ ಮಾಡಿಸಿದಾಗ 30 ವರ್ಷದಲ್ಲಿ ಕಳೆದುಕೊಂಡಿದ್ದ ಆ ಕಸುವು ಪೂರ್ತಿ ವಾಪಸ್ ಬಂತು.

ಅದಕ್ಕೇ ವಯಸ್ಸಾದವರನ್ನು ಜ್ವರ ಅಂತ, ಸುಸ್ತು ಅಂತ ವಾರಗಟ್ಟಲೆ ಮಲಗಿಸಬೇಡಿ. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಮಲಗಿಸಿ ನೋಡಿದಾಗ ಕಾಲಿನಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಡಾಕ್ಟರು ಬೇಡ ಅನ್ನದಿದ್ದರೆ ಊಟಕ್ಕೆ ಎಬ್ಬಿಸಿ ಕೂರಿಸಿ, ಬಚ್ಚಲಿಗೆ ಕೈ ಹಿಡಿದು ನಡೆಸಿಕೊಂಡು ಹೋಗಿ. ನಾವು ಪ್ರೀತಿಯಿಂದ ‘ನೀವು ಏಳಬೇಡಿ, ನಾನು ತಂದುಕೊಡ್ತೀನಿ’ ಅನ್ನುತ್ತೇವಲ್ಲ, ಆ ಪ್ರೀತಿ ಅವರ ಕಾಲನ್ನು ತಿನ್ನುತ್ತದೆ.

ಸ್ನಾಯು: ಜಾಸ್ತಿ ಗಮನ ಇಲ್ಲಿಗೆ ಕೊಡಿ

30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕಡಿಮೆಯಾಗುತ್ತದೆ, 60ರ ನಂತರ ಇನ್ನೂ ವೇಗವಾಗಿ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ, ಏಕೆಂದರೆ ಸ್ನಾಯು ಹೋದ ಜಾಗದಲ್ಲಿ ಕೊಬ್ಬು ಬಂದು ಕೂರುತ್ತದೆ. ತೂಕ ಅಷ್ಟೇ ಇರುತ್ತದೆ, ಬಲ ಇರುವುದಿಲ್ಲ. ಅದರಲ್ಲೂ ಮೊದಲು ಹೋಗುವುದು ಚಟ್ಟನೆ ಕೆಲಸ ಮಾಡುವ ಎಳೆಗಳು. ಎಡವಿದಾಗ ಕಾಲನ್ನು ಥಟ್ಟಂತ ಮುಂದೆ ಹಾಕಿ ಸಾವರಿಸಿಕೊಳ್ಳಲು ಬೇಕಾದದ್ದು ಅವೇ. ಚಿಕ್ಕವರು ಎಡವುತ್ತಾರೆ, ವಯಸ್ಸಾದವರು ಬೀಳುತ್ತಾರೆ. ಎಡವುವುದು ಇಬ್ಬರಿಗೂ ಒಂದೇ, ಸಾವರಿಸಿಕೊಳ್ಳುವುದರಲ್ಲಿ ವ್ಯತ್ಯಾಸ.

‘ಈ ವಯಸ್ಸಲ್ಲಿ ವ್ಯಾಯಾಮ ಏನು ಮಾಡೋದು’ ಅನ್ನುವವರಿಗೆ ಒಂದು ಮಾತು. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೃದ್ಧಾಶ್ರಮದಲ್ಲಿದ್ದ, 90ರ ಆಸುಪಾಸಿನ ಹತ್ತು ಜನರಿಂದ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. 90ಕ್ಕೆ ಆಗುವುದು 65ಕ್ಕೆ ಆಗದೆ ಇರುತ್ತದಾ?

ಶುರು ಮಾಡುವುದು ಹೀಗೆ. ಮೇಲೆ ಹೇಳಿದ ಕುರ್ಚಿಯೇ ಸಾಕು. 8ರಿಂದ 10 ಸಲ ಎದ್ದು ಕೂರಿ, ಒಂದೆರಡು ನಿಮಿಷ ಸುಧಾರಿಸಿಕೊಳ್ಳಿ, ಇನ್ನೊಂದು ಸರದಿ ಮಾಡಿ. ಏಳುವಾಗ ಸ್ವಲ್ಪ ಬೇಗ ಏಳಿ, ಕೂರುವಾಗ ಮೂರು ಎಣಿಸುತ್ತಾ ನಿಧಾನಕ್ಕೆ ಕೂರಿ, ಧೊಪ್ಪಂತ ಬೀಳಬೇಡಿ. ಬೇಗ ಏಳುವುದು ಆ ಚಟ್ಟನೆ ಕೆಲಸ ಮಾಡುವ ಎಳೆಗಳಿಗೆ ಕೆಲಸ ಕೊಡುತ್ತದೆ. ಕೈ ಊರದೆ ಆಗದವರು ಮೊದಲು ಕೈ ಊರಿಯೇ ಮಾಡಲಿ, ಅಥವಾ ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಲಿ. ಒಂದೆರಡು ವಾರ ಬಿಟ್ಟು ಒಂದು ಕೈ ತೆಗೆಯಿರಿ, ಆಮೇಲೆ ಎರಡೂ. ಕೊನೆಯ ಎರಡು ಸಲ ‘ಇನ್ನು ಆಗಲ್ಲಪ್ಪ’ ಅನ್ನಿಸಬೇಕು. ಅನ್ನಿಸದಿದ್ದರೆ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಮಾಡಿ. ಸುಲಭವಾದದ್ದನ್ನೇ ವರ್ಷಗಟ್ಟಲೆ ಮಾಡಿದರೆ ಸ್ನಾಯು ಬೆಳೆಯುವುದಿಲ್ಲ.

ಇದರ ಜೊತೆಗೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಕಾಲ್ಬೆರಳ ಮೇಲೆ ನಿಲ್ಲುವುದು, ಗೋಡೆಗೆ ಅಂಗೈ ಊರಿ ದೇಹವನ್ನು ಹತ್ತಿರ ತಂದು ದೂಡುವುದು. ಉಸಿರು ಬಿಗಿಹಿಡಿಯಬೇಡಿ, ಬಾಯಿಬಿಟ್ಟು ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಆಡುತ್ತದೆ. ವಾರಕ್ಕೆ ಕನಿಷ್ಠ ಎರಡು ದಿನ, ನಡುವೆ ಒಂದು ದಿನ ಬಿಡುವು. ಮರುದಿನ ತೊಡೆ ಸ್ವಲ್ಪ ನೋಯುವುದು ಸಹಜ. ಕೀಲಿನ ಒಳಗೆ ಚುಚ್ಚಿದಂಥ ನೋವು ಸಹಜ ಅಲ್ಲ, ನಿಲ್ಲಿಸಿ. ಎದೆನೋವು ಬರುವವರು, ಬಿಪಿ ಹಿಡಿತದಲ್ಲಿ ಇಲ್ಲದವರು, ಈಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ನಡಿಗೆ ಬೇಡ ಅಂತಲ್ಲ, ಖಂಡಿತ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ ಇರಲಿ ಅನ್ನುತ್ತದೆ. ಆದರೆ 65 ದಾಟಿದವರಿಗೆ ಬಲದ ವ್ಯಾಯಾಮ ಎರಡು ದಿನ, ಸಮತೋಲನದ್ದು ಮೂರು ದಿನ ಇರಲಿ ಅಂತ ಅದೇ ಸಂಸ್ಥೆ ಹೇಳುವುದನ್ನು ಜನ ಬಿಟ್ಟುಬಿಡುತ್ತಾರೆ. ‘ದಿನಾ ವಾಕಿಂಗ್ ಮಾಡ್ತೀನಲ್ಲ’ ಅಂತ ನಮ್ಮ ಅಮ್ಮನೂ ಹೇಳುತ್ತಿದ್ದಳು. ನಡಿಗೆ ಹೃದಯಕ್ಕೆ ಒಳ್ಳೆಯದು, ಕುರ್ಚಿಯಿಂದ ಏಳುವ ಬಲ ಅದರಿಂದ ಅಷ್ಟಾಗಿ ಬರುವುದಿಲ್ಲ. ಸಮತೋಲನಕ್ಕೆ, ಹಿಡಿದುಕೊಳ್ಳಲು ಏನಾದರೂ ಪಕ್ಕದಲ್ಲಿ ಇರುವ ಕಡೆ ಒಂದು ಕಾಲಿನ ಮೇಲೆ ನಿಂತು ನೋಡಿ. 10 ಸೆಕೆಂಡ್ ಆಗಬೇಕು. ಹಲ್ಲುಜ್ಜುವಾಗಲೇ ಇದನ್ನು ಮಾಡಿಕೊಂಡರೆ ಬೇರೆ ಸಮಯ ಬೇಕಿಲ್ಲ.

ತಿನ್ನುವುದರ ಬಗ್ಗೆ ಒಂದೇ ಮಾತು: ವಯಸ್ಸಾದಂತೆ ಹಸಿವು ಇಳಿಯುತ್ತದೆ, ಆದರೆ ಪ್ರೋಟೀನ್ ಮೊದಲಿಗಿಂತ ಜಾಸ್ತಿ ಬೇಕು. ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ. ಒಂದೇ ಊಟಕ್ಕೆ ತುಂಬದೆ ಮೂರು ಹೊತ್ತಿಗೂ ಹಂಚಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ, ಡಾಕ್ಟರು ಹೇಳಿದಷ್ಟೇ.

ಮೂಳೆ ಮತ್ತು ಎತ್ತರ

ಮೂಳೆ ತುಂಬಿಕೊಳ್ಳುವುದು ಸುಮಾರು 30ರವರೆಗೆ. ಮುಟ್ಟು ನಿಂತ ಮೇಲಿನ ಐದಾರು ವರ್ಷಗಳಲ್ಲಿ ಕೆಲವು ಹೆಂಗಸರಿಗೆ ಮೂಳೆಯ ಸಾಂದ್ರತೆ 20 ಶೇಕಡಾವರೆಗೂ ಇಳಿಯಬಹುದು, ನೋವಿಲ್ಲ, ಸದ್ದಿಲ್ಲ. ವರ್ಷಕ್ಕೊಮ್ಮೆ ಗೋಡೆಗೆ ಬೆನ್ನು ಹಚ್ಚಿ ನಿಂತು ಎತ್ತರ ಗುರುತು ಮಾಡಿ, ಮಕ್ಕಳಿಗೆ ಮಾಡುತ್ತೇವಲ್ಲ ಹಾಗೇ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒಣಗಿ ಸ್ವಲ್ಪ ಕುಗ್ಗುವುದು ಸಹಜ. ಆದರೆ ಹರೆಯದ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ ಬೆನ್ನುಮೂಳೆ ಒಳಗೊಳಗೇ ಮುರಿದು ಕುಸಿದಿರಬಹುದು, ಎಷ್ಟೋ ಜನಕ್ಕೆ ಅದು ಗೊತ್ತೂ ಆಗಿರುವುದಿಲ್ಲ. ನಿಂತ ನಿಲುವಿನಲ್ಲಿ ಬಿದ್ದು ಮಣಿಕಟ್ಟು ಮುರಿದರೆ ಪ್ಲಾಸ್ಟರ್ ಹಾಕಿಸಿಕೊಂಡು ಸುಮ್ಮನಾಗಬೇಡಿ, ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಸೊಂಟದ ಮೂಳೆ ಮುರಿಯುವ ಮೊದಲು ಸಿಕ್ಕ ಸೂಚನೆ ಅದು.

ಎದ್ದಾಗ ಕಣ್ಣು ಕತ್ತಲೆ ಬಂದರೆ

ರಕ್ತನಾಳಗಳು ಗಡುಸಾಗುತ್ತವೆ, ಅದಕ್ಕೇ ಬಿಪಿಯ ಮೇಲಿನ ಸಂಖ್ಯೆ ವಯಸ್ಸಿನೊಂದಿಗೆ ಏರುತ್ತದೆ. ಹೆಚ್ಚಿನವರಿಗೆ ಹೀಗಾಗುತ್ತದೆ ಅಂತ ಅದನ್ನು ಹಾಗೇ ಬಿಡಬಾರದು, ಪಾರ್ಶ್ವವಾಯುವಿನ ಮೂಲ ಅದೇ. ಇನ್ನೊಂದು ಕಡೆ, ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುವುದನ್ನು ಸರಿದೂಗಿಸುವ ವ್ಯವಸ್ಥೆ ನಿಧಾನವಾಗುತ್ತದೆ. ಹಾಗಾಗಿ ತಲೆ ಸುತ್ತು, ಕಣ್ಣು ಕತ್ತಲೆ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಎದ್ದು ಹೊರಡಬೇಡಿ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಆಮೇಲೆ ಏನಾದರೂ ಹಿಡಿದು ನಿಲ್ಲಿ, ಹತ್ತು ಎಣಿಸಿ, ನಡೆಯಿರಿ. ಪದೇ ಪದೇ ಹೀಗಾದರೆ ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದಿದ್ದರೆ ಡಾಕ್ಟರಿಗೆ ಹೇಳಬೇಕು. ಎಷ್ಟೋ ಸಲ ಮಾತ್ರೆಯ ಪ್ರಮಾಣ ಬದಲಿಸಿದರೆ ಸಾಕಾಗುತ್ತದೆ.

ಒಂದು ಎಚ್ಚರಿಕೆ. ವಯಸ್ಸಾದವರಿಗೆ, ಅದರಲ್ಲೂ ಶುಗರ್ ಇದ್ದವರಿಗೆ, ಹೃದಯಾಘಾತ ಎದೆನೋವೇ ಇಲ್ಲದೆ ಬರಬಹುದು. ಏಕಾಏಕಿ ಏದುಸಿರು, ತಣ್ಣನೆಯ ಬೆವರು, ಹಿಂದೆಂದೂ ಇಲ್ಲದ ಸುಸ್ತು, ವಾಂತಿ. ‘ಗ್ಯಾಸ್ ಇರಬೇಕು’ ಅಂತ ಬೆಳಗಾಗುವವರೆಗೆ ಕಾಯಬೇಡಿ.

ಕಣ್ಣು, ಕಿವಿ, ಮೂಗು

40 ದಾಟಿದ ಮೇಲೆ ಬರುವ ಕನ್ನಡಕಕ್ಕೆ ಚಾಳೀಸು ಅಂತಲೇ ಹೆಸರಿದೆಯಲ್ಲ. ಕಣ್ಣಿನ ಮಸೂರ ಗಟ್ಟಿಯಾಗಿ ಹತ್ತಿರಕ್ಕೆ ಬಾಗುವುದಿಲ್ಲ, ಅಷ್ಟೇ. ಕನ್ನಡಕ ಹಾಕಿಕೊಂಡರೆ ಕಣ್ಣು ಇನ್ನೂ ಕೆಡುತ್ತದೆ ಅನ್ನುವುದು ಸುಳ್ಳು. ಜನ ಗಮನಿಸದೆ ಇರುವುದು ಬೆಳಕಿನ ವಿಷಯ. ಮಸೂರ ಹಳದಿಯಾಗಿ, ಪಾಪೆ ಚಿಕ್ಕದಾಗಿ, 60ರ ಕಣ್ಣಿನ ಒಳಗೆ ಹೋಗುವ ಬೆಳಕು 20ರ ಕಣ್ಣಿಗೆ ಹೋಗುವುದರ ಸುಮಾರು ಮೂರನೇ ಒಂದು ಭಾಗ. ಮಗನಿಗೆ ಬೆಳಕು ಚೆನ್ನಾಗಿಯೇ ಇರುವ ಕೋಣೆ ಅಪ್ಪನಿಗೆ ಅರೆಗತ್ತಲು. ಓದುವ ಪುಸ್ತಕದ ಮೇಲೆಯೇ ಬೀಳುವಂತೆ ದೀಪ ಇಡಿ, ಕಣ್ಣಿಗೆ ಹೊಡೆಯುವಂತೆ ಬೇಡ. ಮೆಟ್ಟಿಲಿನ ಅಂಚಿಗೆ ಎದ್ದುಕಾಣುವ ಬಣ್ಣದ ಪಟ್ಟಿ ಅಂಟಿಸಿ. ಪೊರೆ ಬಂದರೆ ಆಪರೇಷನ್‌ನಿಂದ ಸರಿಯಾಗುತ್ತದೆ, ಹೆಚ್ಚಾಗಿ ಕಣ್ಣಿನ ಒಳಗಿನ ಒತ್ತಡ ಏರಿ ನರ ಕೆಡುವ ಗ್ಲಾಕೋಮಾ ಮಾತ್ರ ಗೊತ್ತಾಗುವಷ್ಟರಲ್ಲಿ ದೃಷ್ಟಿಯನ್ನು ತಿಂದಿರುತ್ತದೆ, ಹೋದದ್ದು ಮರಳುವುದಿಲ್ಲ. ಆದ್ದರಿಂದ ಕಣ್ಣಿನ ಒತ್ತಡದ ಪರೀಕ್ಷೆ ಬಿಡಬೇಡಿ. ಕಣ್ಣ ಮುಂದೆ ಪರದೆ ಇಳಿದಂತಾದರೆ, ಮಿಂಚು ಕಂಡರೆ, ನೇರ ಗೆರೆ ಸೊಟ್ಟಗೆ ಕಂಡರೆ ಅವತ್ತೇ ಹೋಗಿ.

ಕಿವಿಯಲ್ಲಿ ಮೊದಲು ಹೋಗುವುದು ತೆಳ್ಳಗಿನ, ಎತ್ತರದ ಸ್ವರಗಳು. ಸ, ಶ, ಫ, ಥ ಇಂಥ ಅಕ್ಷರಗಳು ಉದುರಿಹೋಗುತ್ತವೆ. ಅದಕ್ಕೇ ‘ಮಾತು ಕೇಳುತ್ತೆ, ಏನು ಹೇಳ್ತಿದ್ದಾರೆ ತಿಳಿಯಲ್ಲ’ ಅನ್ನುತ್ತಾರೆ. ಅವರ ಹತ್ತಿರ ಕಿರುಚಬೇಡಿ, ಕಿರುಚಿದರೆ ಅ, ಆ, ಓ ತರದ ಸ್ವರಾಕ್ಷರಗಳು ಜೋರಾಗುತ್ತವೆ, ಆ ಅಕ್ಷರಗಳು ಇನ್ನೂ ಮುಚ್ಚಿಹೋಗುತ್ತವೆ. ಟಿವಿ ಆರಿಸಿ, ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ಸ್ವಲ್ಪ ನಿಧಾನಕ್ಕೆ ಹೇಳಿ. ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳದೆ ಬೇರೆ ಪದದಲ್ಲಿ ಹೇಳಿ. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ಅಂತ ನೋಡಿಸಿ. ಶ್ರವಣಯಂತ್ರ ಬೇಕಾದರೆ ಬೇಗ ಹಾಕಿಕೊಳ್ಳಿ, ಮಿದುಳು ಆ ಸದ್ದಿಗೆ ಒಗ್ಗಲು ವಾರಗಳು ಬೇಕು. ಎರಡು ದಿನ ಹಾಕಿ ‘ಬರೀ ಗಲಾಟೆ’ ಅಂತ ಪೆಟ್ಟಿಗೆಯಲ್ಲಿ ಇಟ್ಟುಬಿಡುವವರೇ ಜಾಸ್ತಿ. ಕಿವುಡಿಗೆ ಚಿಕಿತ್ಸೆ ಮಾಡಿಸದಿರುವುದು ಮರೆಗುಳಿತನದ ಅಪಾಯವನ್ನೂ ಹೆಚ್ಚಿಸುತ್ತದೆ.

ಮೂಗು ಮಂದವಾದರೆ ಊಟ ಸಪ್ಪೆ ಅನ್ನಿಸಿ ಉಪ್ಪು ಜಾಸ್ತಿ ಬೀಳುತ್ತದೆ. ಗ್ಯಾಸ್ ಸೋರಿದ್ದು, ಸೀದದ್ದು ತಿಳಿಯುವುದಿಲ್ಲ. ಒಬ್ಬರೇ ಇರುವ ಹಿರಿಯರ ಮನೆಯಲ್ಲಿ ಗ್ಯಾಸ್ ಸೋರಿಕೆ ತಿಳಿಸುವ ಅಲಾರಂ ಇರಲಿ. ಬಾಯಾರಿಕೆಯೂ ಹೀಗೇ. ದೇಹಕ್ಕೆ ನೀರು ಬೇಕಿದ್ದರೂ ಬಾಯಾರುವುದಿಲ್ಲ. ಗಂಟಲು ಒಣಗುವುದನ್ನು ಕಾಯದೆ ಊಟ, ಮಾತ್ರೆ, ಏಳುವ ಹೊತ್ತು ಹೀಗೆ ಗೊತ್ತು ಮಾಡಿಕೊಂಡು ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಡಾಕ್ಟರು ಹೇಳಿದ ಅಳತೆ ಮೀರಬಾರದು.

ರಾತ್ರಿ

ನಿದ್ದೆಯ ಅಗತ್ಯ ಕಡಿಮೆಯಾಗುವುದಿಲ್ಲ, 65 ದಾಟಿದವರಿಗೂ 7ರಿಂದ 8 ಗಂಟೆ ಬೇಕು. ಕಡಿಮೆಯಾಗುವುದು ಗಾಢ ನಿದ್ದೆ. ನಡುವೆ ಎಚ್ಚರ ಆಗುತ್ತದೆ, ಬೇಗ ನಿದ್ದೆ ಬಂದು ಬೇಗ ಎಚ್ಚರ ಆಗುತ್ತದೆ. 4 ಗಂಟೆಗೆ ಎಚ್ಚರ ಆಗುತ್ತದೆ ಅನ್ನುವವರು 8ಕ್ಕೇ ಮಲಗಿರುತ್ತಾರೆ, ಲೆಕ್ಕ ಸರಿಯಾಗಿಯೇ ಇದೆ! ಸಂಜೆಯ ಬೆಳಕಿನಲ್ಲಿ ಹೊರಗೆ ಇರಿ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ.

ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವವರು ತಮ್ಮ ಪಾದ ನೋಡಿಕೊಳ್ಳಿ. ಸಂಜೆಗೆ ಪಾದ ಊದುತ್ತಿದ್ದರೆ, ಮಲಗಿದಾಗ ಆ ನೀರೇ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಂಜೆ ಒಂದು ಗಂಟೆ ಕಾಲು ಎತ್ತರಕ್ಕೆ ಇಟ್ಟುಕೊಂಡರೆ ರಾತ್ರಿ ಏಳುವುದು ಕಡಿಮೆಯಾಗುತ್ತದೆ. ಊತ ಯಾಕೆ ಅಂತ ಡಾಕ್ಟರನ್ನೂ ಕೇಳಿ. ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುವುದನ್ನು ಎಷ್ಟೋ ಹೆಂಗಸರು ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಮನೆಯಿಂದ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ತಡೆಯುವಾಗ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುವನ್ನು ಐದು ಸೆಕೆಂಡ್ ಬಿಗಿಹಿಡಿದು ಐದು ಸೆಕೆಂಡ್ ಸಡಿಲ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು ಬಿಡದೆ. ಕೂತಲ್ಲೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಮರೆವು ಮತ್ತು ಅರಳುಮರಳು

ಅರವತ್ತಕ್ಕೆ ಅರಳು ಮರಳು ಅನ್ನುವ ಮಾತು ಎಷ್ಟು ಜನರಿಗೆ ಚಿಕಿತ್ಸೆ ತಪ್ಪಿಸಿದೆಯೋ. ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುವುದು, ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುವುದು, ಹೊಸ ಫೋನ್ ಕಲಿಯಲು ಹೊತ್ತು ಹಿಡಿಯುವುದು ಸಹಜ. ಮಿದುಳು ನಿಧಾನವಾಗಿದೆ, ಕೆಟ್ಟಿಲ್ಲ. ಪದಸಂಪತ್ತು, ಅನುಭವದ ತಿಳಿವಳಿಕೆ ಗಟ್ಟಿಯಾಗಿಯೇ ಇರುತ್ತದೆ. ದಿನಾ ಹೋಗುವ ದಾರಿ ತಪ್ಪುವುದು, ಹತ್ತು ನಿಮಿಷದ ಹಿಂದೆ ಕೇಳಿದ್ದನ್ನೇ ಕೇಳಿದ ನೆನಪಿಲ್ಲದೆ ಮತ್ತೆ ಕೇಳುವುದು, ಹಣದ ಲೆಕ್ಕ ತಿಳಿಯದಾಗುವುದು, ಸ್ವಭಾವವೇ ಬದಲಾಗುವುದು ಸಹಜ ಅಲ್ಲ. ಹಾಗಂತ ಅದೆಲ್ಲ ಡಿಮೆನ್ಷಿಯಾವೂ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಕೇಳದಿರುವುದು, ಮಾತ್ರೆಗಳು, ಇವೂ ಹೀಗೇ ಕಾಣುತ್ತವೆ, ಇವಕ್ಕೆ ಚಿಕಿತ್ಸೆ ಇದೆ.

ನಮ್ಮ ಅಪ್ಪ ಒಂದು ದಿನ ಬೆಳಿಗ್ಗೆ ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು. ಸಂಜೆಗೆ ಗೋಡೆಯ ಮೇಲೆ ಇಲ್ಲದ ಹುಳ ಹುಡುಕುತ್ತಿದ್ದರು. ಜ್ವರ ಇರಲಿಲ್ಲ. ತೋರಿಸಿದ ಕಡೆ ‘ವಯಸ್ಸಾಗಿದೆ, ಮರೆವಿನ ಕಾಯಿಲೆ ಶುರು’ ಅಂತ ಹೇಳಿ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು, ಅವರು ಇನ್ನಷ್ಟು ಮಂಕಾದರು. ಮೂರನೇ ದಿನ ಬೇರೆ ಕಡೆ ಕರೆದೊಯ್ದಾಗ ಮೂತ್ರದ ಸೋಂಕು ಅಂತ ಗೊತ್ತಾಯಿತು. ವಾರದಲ್ಲಿ ಮೊದಲಿನಂತಾದರು. ವಯಸ್ಸಾದವರಿಗೆ ಸೋಂಕಾದಾಗ ಜ್ವರವೇ ಬರದಿರಬಹುದು, ಗೊಂದಲವೇ ಮೊದಲ ಲಕ್ಷಣ ಆಗಿರಬಹುದು ಅಂತ ಆ ಮೂರು ದಿನ ನಮಗೆ ಯಾರಾದರೂ ಹೇಳಿದ್ದರೆ! ಒಂದೆರಡು ದಿನದಲ್ಲಿ ಶುರುವಾದ ಗೊಂದಲ ತುರ್ತು ವಿಷಯ. ‘ನಿನ್ನೆ ಹೀಗಿರಲಿಲ್ಲ’ ಅನ್ನುವ ಮಾತನ್ನು ಡಾಕ್ಟರಿಗೆ ಒತ್ತಿ ಹೇಳಿ.

ಮಾತ್ರೆಗಳು

40ರ ನಂತರ ಮೂತ್ರಪಿಂಡದ ಸೋಸುವ ಶಕ್ತಿ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಯಕೃತ್ತೂ ನಿಧಾನ. ದೇಹದಲ್ಲಿ ನೀರು ಕಡಿಮೆ, ಕೊಬ್ಬು ಜಾಸ್ತಿ. ಹಾಗಾಗಿ 40ರಲ್ಲಿ ಒಗ್ಗಿದ ಮಾತ್ರೆಯೇ 75ರಲ್ಲಿ ಜಾಸ್ತಿ ಹೊತ್ತು ಒಳಗೆ ಉಳಿಯುತ್ತದೆ. ಆತಂಕಕ್ಕೆ, ನಿದ್ದೆಗೆ ಕೊಡುವ ಡಯಾಜೆಪಾಮ್ ಅನ್ನುವ ಮಾತ್ರೆ ಅರ್ಧದಷ್ಟು ಕರಗಲು ಹರೆಯದವರಿಗೆ ಸುಮಾರು ಒಂದು ದಿನ ಹಿಡಿದರೆ, ವಯಸ್ಸಾದವರಿಗೆ ಮೂರು ದಿನ ಹಿಡಿಯಬಹುದು. ರಾತ್ರಿಗೆ ಅಂತ ತೆಗೆದುಕೊಂಡದ್ದು ಮರುದಿನ ಮಧ್ಯಾಹ್ನ ಬೀಳಿಸುತ್ತದೆ. ಶೀತ, ಅಲರ್ಜಿಗೆ ತೆಗೆದುಕೊಳ್ಳುವ, ನಿದ್ದೆ ತರಿಸುವ ಹಳೆಯ ಮಾತ್ರೆಗಳಿಂದಲೂ ಮಂಪರು, ಗೊಂದಲ, ಮೂತ್ರ ಕಟ್ಟುವುದು ಆಗುತ್ತದೆ. ದಿನಾ ನುಂಗುವ ನೋವಿನ ಮಾತ್ರೆ ಮೂತ್ರಪಿಂಡಕ್ಕೂ ಹೊಟ್ಟೆಗೂ ಕೆಟ್ಟದ್ದು.

ಆರು ತಿಂಗಳಿಗೊಮ್ಮೆ ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್, ಮೂಲಿಕೆ ಪುಡಿ, ಕಣ್ಣಿನ ಹನಿ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಒಂದೊಂದಕ್ಕೂ ಕೇಳಿ: ಇದು ಯಾತಕ್ಕೆ, ಇನ್ನೂ ಬೇಕಾ, ಈಗಿನ ವಯಸ್ಸಿಗೆ ಪ್ರಮಾಣ ಸರಿ ಇದೆಯಾ? ನೀವಾಗಿಯೇ ನಿಲ್ಲಿಸಬೇಡಿ, ಕೆಲವನ್ನು ಥಟ್ಟನೆ ಬಿಟ್ಟರೆ ಅಪಾಯ. ಅದೇ ಭೇಟಿಯಲ್ಲಿ ಫ್ಲೂ, ನ್ಯುಮೋನಿಯಾ, ಸರ್ಪಸುತ್ತಿನ ಲಸಿಕೆಗಳ ಬಗ್ಗೆಯೂ ಕೇಳಿಬಿಡಿ, ರೋಗನಿರೋಧಕ ಶಕ್ತಿಗೂ ವಯಸ್ಸಾಗಿರುತ್ತದೆ.

ಬಿದ್ದರೆ ಏಳುವುದು ಹೇಗೆ

65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಜಾರುವ ಚಾಪೆ ತೆಗೆಯಿರಿ, ಬಚ್ಚಲಿಗೆ ಹಿಡಿಕೆ ಹಾಕಿಸಿ, ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ ಇರಲಿ. ಇಷ್ಟು ಎಲ್ಲರೂ ಹೇಳುತ್ತಾರೆ. ಏಳುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಬಿದ್ದವರು ಪೆಟ್ಟಾಗದಿದ್ದರೂ ಏಳಲು ಬಾರದೆ ಗಂಟೆಗಟ್ಟಲೆ ನೆಲದ ಮೇಲೆ ಉಳಿಯುತ್ತಾರೆ.

ಬಿದ್ದ ಕೂಡಲೇ ಏಳಲು ಒದ್ದಾಡಬೇಡಿ. ಒಂದು ನಿಮಿಷ ಹಾಗೇ ಮಲಗಿ, ಉಸಿರಾಡಿ. ಕೈ, ಕಾಲು, ಕತ್ತು ಒಂದೊಂದಾಗಿ ನಿಧಾನಕ್ಕೆ ಆಡಿಸಿ ನೋಡಿ. ಸೊಂಟದಲ್ಲಿ ಜೋರು ನೋವಿದ್ದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಏಳಬೇಡಿ, ಕೂಗಿ. ನೋವಿಲ್ಲ ಅಂದರೆ ಒಂದು ಮಗ್ಗುಲಿಗೆ ಹೊರಳಿ. ಕೆಳಗಿನ ಮೊಣಕೈ ಊರಿ, ಮೇಲಿನ ಕೈಯ ಅಂಗೈ ನೆಲಕ್ಕೆ ಒತ್ತಿ, ಅರ್ಧ ಎದ್ದು ಕೂರಿ. ಅಲ್ಲಿಂದ ಮಂಡಿ ಮತ್ತು ಅಂಗೈ ಮೇಲೆ ಬನ್ನಿ, ಅಂಬೆಗಾಲಿಡುವ ಮಗುವಿನಂತೆ. ಹತ್ತಿರದ ಗಟ್ಟಿ ಕುರ್ಚಿ ಅಥವಾ ಮಂಚದವರೆಗೆ ಹಾಗೇ ಹೋಗಿ. ಎರಡೂ ಕೈ ಅದರ ಮೇಲೆ ಇಡಿ. ಬಲ ಜಾಸ್ತಿ ಇರುವ ಕಾಲನ್ನು ಮುಂದೆ ತಂದು ಪಾದ ಪೂರ್ತಿ ನೆಲಕ್ಕೆ ಊರಿ. ಕೈಯಿಂದಲೂ ಕಾಲಿನಿಂದಲೂ ಒಟ್ಟಿಗೆ ಒತ್ತಿ ಮೇಲೆದ್ದು, ನಿಲ್ಲಲು ಹೋಗದೆ ತಿರುಗಿ ಕುರ್ಚಿಯ ಮೇಲೆ ಕೂತುಬಿಡಿ. ಐದು ನಿಮಿಷ ಕೂತಿರಿ. ಏಳಲು ಆಗದಿದ್ದರೆ ಕೈಗೆ ಸಿಕ್ಕ ಬಟ್ಟೆ ಎಳೆದು ಹೊದ್ದುಕೊಳ್ಳಿ, ಗೋಡೆಯನ್ನೋ ನೆಲವನ್ನೋ ಬಡಿದು ಸದ್ದು ಮಾಡಿ, ಪಕ್ಕ ಬದಲಿಸುತ್ತಾ ಇರಿ. ಫೋನ್ ಮೇಜಿನ ಮೇಲಲ್ಲ, ಜೇಬಿನಲ್ಲೇ ಇರಲಿ ಅನ್ನುವುದು ಇದಕ್ಕೇ.

ಬೀಳುವ ಮೊದಲೇ, ಮನೆಯಲ್ಲಿ ಇನ್ನೊಬ್ಬರು ಇರುವಾಗ, ಚಾಪೆ ಹಾಸಿ ಇದನ್ನು ಒಂದು ಸಲ ಮಾಡಿ ನೋಡಿ. ಅಮ್ಮನಿಗೆ ಮೊದಲ ದಿನ ಮಂಡಿಯ ಮೇಲೆ ಬರುವುದಕ್ಕೇ ಆಗಲಿಲ್ಲ, ನಾನು ಎತ್ತಬೇಕಾಯಿತು. ಕುರ್ಚಿಯ ವ್ಯಾಯಾಮ ಶುರು ಮಾಡಿ ಎರಡೂವರೆ ತಿಂಗಳಾದ ಮೇಲೆ ಒಂದು ಸಂಜೆ ಅವಳೇ ಚಾಪೆ ಹಾಸಿಕೊಂಡು, ‘ನೀನು ಮುಟ್ಟಬೇಡ, ಅಲ್ಲೇ ನಿಲ್ಲು’ ಅಂತ ಹೇಳಿ, ಮಲಗಿ, ಹೊರಳಿ, ಕುರ್ಚಿ ಹಿಡಿದು ಎದ್ದು ಕೂತಳು.